ಪಟ್ಟಿಯಲ್ಲಿಲ್ಲದ ಮನೆ

"ಕೂಗಳತೆ ದೂರ, ಕೂಗಳತೆ ದೂರ ಅಂತೀರಲ್ಲ... ಎಷ್ಟು ಕೂಗಬೇಕ್ರೀ ನಾನು?"

ರಾಗಿ ಹೊಲದ ನಡುವೆ ಫೋನನ್ನು ಆಕಾಶಕ್ಕೆ ಹಿಡಿದು ನಿಂತಿದ್ದ ಯುವಕನ ಮೇಲೆ ಯಶೋಧರಾ ರೇಗಿದಳು. ಪಾಪ, ಆ ಮಾತು ಹೇಳಿದವನು ಅವನಲ್ಲ, ಹಿಂದಿನ ಊರಿನಲ್ಲಿ ಇನ್ಯಾರೋ. ಮೂರು ಸಲ ದಾರಿ ತಪ್ಪಿದವಳಿಗೆ ಕೈಗೆ ಸಿಕ್ಕವನೇ ಅಪರಾಧಿ.

ಅರಸೀಕೆರೆಯ ಹುಡುಗಿ ಅವಳು. ಹಗರೆಯ ಪಶು ಆಸ್ಪತ್ರೆಗೆ ಡಾಕ್ಟರಾಗಿ ಬಂದು ಒಂದೇ ತಿಂಗಳಾಗಿತ್ತು, 2008ರಲ್ಲಿ. ಹಿಂದಿನ ವಾರವಷ್ಟೇ ಒಂದು ತೋಟದ ಮನೆ ಹುಡುಕಿ ಮುಟ್ಟುವಷ್ಟರಲ್ಲಿ ಹೊಟ್ಟೆಯುಬ್ಬರಿಸಿದ ಹಸು ಪ್ರಾಣ ಬಿಟ್ಟಿತ್ತು. ದಾರಿ ಸಿಗಲಿಲ್ಲವೆಂದು ಇನ್ನೊಂದು ಹಸು ಸಾಯಕೂಡದು... ಅವಳು ಹಟ ತೊಟ್ಟಿದ್ದಳು.

ಯುವಕ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಯಾರ ಮನೆ ಎಂದು ವಿಚಾರಿಸಿ, ಬೈಕಿನಲ್ಲಿ ಮುಂದೆ ಹೋಗಿ ತೋರಿಸಿದ. ಆ ಮನೆಯ ಅಂಗಳದಲ್ಲಿ ನಿಂತು ಫೋನಿನ ಗುಂಡಿ ಒತ್ತಿ, ಇನ್ನು ಈ ಮನೆಗೆ ದಾರಿ ತಪ್ಪುವುದಿಲ್ಲ ಎಂದ.

ಇಲ್ಲಿ ಟವರೇ ಸಿಗುವುದಿಲ್ಲ ಎಂದು ಅವಳು ನಕ್ಕಳು.

"ಟವರ್ ಬೇಡ ಮೇಡಂ. ಇದರಲ್ಲಿ ಸಿಮ್ಮೂ ಇಲ್ಲ. ತಲೆ ಮೇಲೆ ಆಕಾಶ ಕಂಡ್ರೆ ಸಾಕು."

ಅವನ ಹೆಸರು ಮಂಜುನಾಥ. ಹಳೇಬೀಡು ಬಸ್ ನಿಲ್ದಾಣದ ಎದುರು ಮೊಬೈಲ್ ರಿಪೇರಿ ಅಂಗಡಿ. ನೀರಿಗೆ ಬಿದ್ದು ಸಿಮ್ ಹಾಕುವ ಜಾಗ ಹಾಳಾಗಿದ್ದ ಆ ಫೋನನ್ನು ಗಿರಾಕಿಯೊಬ್ಬ ಬೇಡವೆಂದು ಬಿಟ್ಟುಹೋಗಿದ್ದ. ಅದರಿಂದ ಮಾತಾಡಲು ಬಾರದು. ಆದರೆ ಒಳಗಿನ ಜಿಪಿಎಸ್ ಗಟ್ಟಿಯಾಗಿತ್ತು. ಮೆಮೊರಿ ಕಾರ್ಡಿನ ನಕ್ಷೆಯಲ್ಲಿ ದೊಡ್ಡ ರಸ್ತೆಗಳಷ್ಟೇ ಇದ್ದರೂ, ಒಂದು ಜಾಗಕ್ಕೆ ಹೋಗಿ ಗುರುತು ಹಾಕಿಟ್ಟರೆ ಆಮೇಲೆ ಬಾಣ ತೋರಿಸಿ, ಇನ್ನೆಷ್ಟು ದೂರ ಎಂದು ಹೇಳುತ್ತಿತ್ತು.

ವಾರದ ಮೇಲೆ ಅವನು ಆ ಫೋನನ್ನು ಅವಳ ಮೇಜಿನ ಮೇಲಿಟ್ಟ. ನಲವತ್ತು ಮನೆಗಳ ಗುರುತು! ‘ಗಿಡ್ಡಪ್ಪ, ಜರ್ಸಿ’. ‘ಮಾದಮ್ಮ, ಎರಡು ಎಮ್ಮೆ’. ಭಾನುವಾರ ಬಂತೆಂದರೆ ಫೋನು ಇಸಕೊಂಡು ಬೈಕ್ ಹತ್ತಿ ಹೊರಡುವನು. ದಸರಾ ಹೊತ್ತಿಗೆ ಗುರುತುಗಳು ಇನ್ನೂರ ಹನ್ನೆರಡಾದವು. ಅವುಗಳ ಜೊತೆ ಒಂದು ‘ಕೆರೆ ಏರಿ, ಕಾಫಿ’ ಎಂದೂ ಸೇರಿಕೊಂಡಿತು. ಆ ಗುರುತಿಗೆ ಯಾವ ಹಸುವೂ ಕಟ್ಟಿರಲಿಲ್ಲ, ಅಷ್ಟೆ.

ಏರಿಯ ಮೇಲೆ ಕಾಫಿ ಕುಡಿಯುತ್ತ ಅವಳು ಅವನನ್ನು ಕದ್ದು ನೋಡುತ್ತಿದ್ದಳು. ‘ನನಗೋಸ್ಕರ ಇಷ್ಟು ಊರು ಅಲೆಯೋನು... ಬಾಯಿ ಬಿಟ್ಟು ಒಂದು ಮಾತು ಯಾಕೆ ಹೇಳಲ್ಲ?’

ಒಂದು ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಬಂತು. ಮುದ್ದಮ್ಮನ ಹಸುವಿಗೆ ಕರು ಅಡ್ಡಲಾಗಿದೆ, ಬೇಗ ಬನ್ನಿ ಎಂದರು. ಪಟ್ಟಿಯಲ್ಲಿ ಮುದ್ದಮ್ಮನ ಹೆಸರೇ ಇಲ್ಲ. ಯಾವ ಮುದ್ದಮ್ಮ ಎಂದು ಕೇಳಿದಳು.

"ಅದೇ, ಮೊಬೈಲ್ ಅಂಗಡಿ ಮಂಜನ ಅವ್ವ ಕಣ್ರೀ. ಅವನು ಹಾಸನಕ್ಕೆ ಹೋಗವ್ನೆ."

ಯಶೋಧರಾ ಪಟ್ಟಿಯನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. ಊರಿಗೆಲ್ಲ ಗುರುತು ಹಾಕಿದವನು ತನ್ನ ಮನೆಯನ್ನೇ ಬಿಟ್ಟನೇ?

ಯೋಚಿಸುತ್ತ ಕೂರಲು ಹೊತ್ತಿರಲಿಲ್ಲ. ಕೇಳಿ ಕೇಳಿ, ಎರಡು ಕಡೆ ದಾರಿ ತಪ್ಪಿ, ಮುಕ್ಕಾಲು ಗಂಟೆಗೆ ಮುಟ್ಟಿದಳು. ಭುಜದವರೆಗೆ ಕೈ ಹಾಕಿ, ಬೆವರು ಸುರಿಸಿ, ಅಂತೂ ಕರುವನ್ನು ಎಳೆದಳು. ಕರು ಉಸಿರಾಡಿತು. ಹಸುವೂ ಉಳಿಯಿತು.

ಕೈ ತೊಳೆಯುವಾಗ ಮುದ್ದಮ್ಮ ಅವಳ ತಂದೆಯ ಹೆಸರು, ಮನೆ, ಯಾವ ಪೈಕಿ ಎಂದು ವಿಚಾರಿಸಿದರು. ಯಶೋಧರಾ ಮುಚ್ಚಿಡಲಿಲ್ಲ. ತಂದೆ ಕರಿಯಯ್ಯ, ರೈಲ್ವೆಯಲ್ಲಿದ್ದವರು. ಅಜ್ಜನ ಕಾಲಕ್ಕೆ ಕೇರಿಯ ಮನೆ, ಈಗ ನಾವು ಬೌದ್ಧರು ಎಂದಳು. ಮುದ್ದಮ್ಮನ ಮುಖ ಬದಲಾಯಿತು. ಕುಡಿಯುವ ನೀರಿನ ಚೊಂಬನ್ನು ಕೈಗೆ ಕೊಡದೆ ಜಗಲಿಯ ಅಂಚಿನಲ್ಲಿಟ್ಟು ಹಿಂದೆ ಸರಿದರು.

ಯಶೋಧರಾ ಆ ನೀರು ಮುಟ್ಟಲಿಲ್ಲ.

ಮರುದಿನ ಅವಳು ಅಂಗಡಿಗೆ ಹೋಗಿ ಫೋನನ್ನು ಗಾಜಿನ ಕೌಂಟರ್ ಮೇಲಿಟ್ಟಳು.

"ಇನ್ನೂರ ಹನ್ನೆರಡು ಮನೆ ಇದೆ. ನಿಮ್ಮನೆ ಯಾಕಿಲ್ಲ ಮಂಜುನಾಥ್?"

ಅವನು ತಲೆ ಎತ್ತಲಿಲ್ಲ. "ನಿಮ್ಮಪ್ಪ, ಅಜ್ಜನ ವಿಷಯ ಏರಿ ಮೇಲೆ ನೀವೇ ಹೇಳಿದ್ರಲ್ಲ. ನಮ್ಮವ್ವ ನಿಮಗೆ ಹೊರಗೆ ನೀರು ಇಡ್ತಾರೆ ಅಂತ ಗೊತ್ತಿತ್ತು... ನಿಮಗೆ ನೋವಾಗಬಾರದು ಅಂತ."

"ಹೊರಗಿಟ್ಟ ನೀರು ನಾನು ಚಿಕ್ಕೋಳಿದ್ದಾಗಿಂದ ನೋಡಿದೀನಿ. ನೀವು ಮುಚ್ಚಿಟ್ರಲ್ಲ, ಅದೇ ನೋವು. ಹಸು ಸತ್ತಿದ್ರೆ ಏನ್ ಮಾಡ್ತಿದ್ರಿ?"

"ತಪ್ಪಾಯ್ತು. ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ ಇಟ್ಕೊಂಡು, ಹೆದರಿಬಿಟ್ಟೆ."

ಎಷ್ಟು ದಿನದಿಂದ ಕಾದ ಮಾತು! ಇಂಥ ಹೊತ್ತಿನಲ್ಲೇ ಬರಬೇಕೇ? ಅವಳ ಕಣ್ಣು ತುಂಬಿತು, ಧ್ವನಿ ಮಾತ್ರ ಅಲುಗಲಿಲ್ಲ.

"ಒಳಗೆ ಕರೆಯದ ಮನೆಗೆ ನಾನು ಸೊಸೆಯಾಗಲ್ಲ. ನಿಮ್ಮಮ್ಮ ಬಾಯಿ ಬಿಟ್ಟು ಕರೀಲಿ, ಬರ್ತೀನಿ."

ಫೋನನ್ನು ಅಂಗಡಿಯಲ್ಲೇ ಬಿಟ್ಟು ಅವಳು ಮತ್ತೆ ದಾರಿ ಕೇಳುತ್ತ, ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತ ಊರೂರು ತಿರುಗಿದಳು. ಕೆರೆ ಏರಿಯ ಕಡೆ ಮಾತ್ರ ಹೋಗಲಿಲ್ಲ.

ಇತ್ತ ಮಂಜುನಾಥ ಅಂದೇ ಅವ್ವನಿಗೆ ಹೇಳಿಬಿಟ್ಟ, ಆ ಹುಡುಗಿ ಕೂರಲಾಗದ ಒಳಮನೆಯಲ್ಲಿ ತಾನೂ ಉಣ್ಣುವುದಿಲ್ಲ ಎಂದು. ತಟ್ಟೆ ಜಗಲಿಗೇ ಬರಬೇಕು, ನೀರು ಅದೇ ಚೊಂಬಿನಲ್ಲಿ. ಮುದ್ದಮ್ಮ ಬೈದರು, ಅತ್ತರು, ನಾಲ್ಕು ದಿನ ಮಾತು ಬಿಟ್ಟರು. ಬೀದಿಯವರು ನಿಂತು ನೋಡಿದರು. ಮಗ ಜಪ್ಪಯ್ಯ ಅನ್ನಲಿಲ್ಲ. ಹತ್ತೊಂಬತ್ತನೆಯ ದಿನ ಮುದ್ದಮ್ಮನೇ ಸೋತರು. ಮುದ್ದೆ ಬಡಿಸಿದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು, ಕರು ಉಳಿಸಿದ ಕೈಗೆ ಚೊಂಬು ಕೊಡದ ತನಗೂ ನಿದ್ದೆ ಬರುತ್ತಿಲ್ಲವೆಂದರು.

ಫೋನು ಮತ್ತೆ ಅವಳ ಮೇಜಿಗೆ ಬಂತು. ಪಟ್ಟಿಯಲ್ಲಿ ಹೊಸದೊಂದು ಹೆಸರು: ‘ನಮ್ಮನೆ’.

ಯಶೋಧರಾ ಒಬ್ಬಳೇ ಹೊರಟಳು, ಬಾಣ ನೋಡುತ್ತ. ಅಂಗಳಕ್ಕೆ ಕಾಲಿಟ್ಟಾಗ ದೂರ ಸೊನ್ನೆಯಾಯಿತು. ಜಗಲಿಯ ಸೂರಿನ ಕೆಳಗೆ ಬಂದಾಗ ಬಾಣ ತಡಬಡಿಸಿ ಮಾಯವಾಯಿತು. ಕಂಬದ ಪಕ್ಕದಲ್ಲಿ ಮಂಜುನಾಥ ನಿಂತಿದ್ದ.

"ಸೂರಿನ ಕೆಳಗೆ ಇದಕ್ಕೆ ಆಕಾಶ ಕಾಣಲ್ಲ. ಇಲ್ಲಿಂದ ಒಳಕ್ಕೆ ನಾನು ಕರ್ಕೊಂಡು ಹೋಗ್ಲಾ?"

ಅವಳು ಅಲ್ಲಾಡಲಿಲ್ಲ. ಬಾಗಿಲನ್ನೇ ನೋಡಿದಳು.

ಮುದ್ದಮ್ಮ ಹೊಸಿಲು ದಾಟಿ ಬಂದರು. ಚೊಂಬನ್ನು ನೆಲಕ್ಕಿಡಲಿಲ್ಲ. ಅವಳ ಕೈ ಹಿಡಿದು, ಎರಡೂ ಅಂಗೈಗೆ ಅದನ್ನು ಕೊಟ್ಟರು.

"ಒಳಕ್ಕೆ ಬಾರವ್ವ. ಅಡುಗೆ ಆಗೈತೆ."

ಯಶೋಧರಾ ನೀರು ಕುಡಿದಳು. ಕಣ್ಣೀರು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಹೊಸಿಲ ಬಳಿ ಮಂಜುನಾಥ ಮೆಲ್ಲಗೆ ಹೇಳಿದ, "ಭಾನುವಾರ ನಿಮ್ಮಪ್ಪನ್ನ ಕೇಳೋಕೆ ಅರಸೀಕೆರೆಗೆ ಬರ್ತೀನಿ. ನಿಮ್ಮನೆ ಗುರುತು ಇದರಲ್ಲಿಲ್ಲ."

ಅವಳು ಫೋನನ್ನು ಅವನ ಜೇಬಿಗೆ ಹಾಕಿದಳು.

"ಕೇಳ್ಕೊಂಡು ಬನ್ನಿ. ಸ್ಟೇಷನ್ನಿಂದ ಕೂಗಳತೆ ದೂರ."