ಮಲಕಪ್ಪ ಬರೆಸಿದ ದೂರು

ಫೆಬ್ರುವರಿ 12, ಬೆಳಿಗ್ಗೆ 10.20. ಪುಣೆಯ ಕೋಥರೂಡದ ಹಿಂಬದಿಯ ಪುಟ್ಟ ಪೊಲೀಸ್ ಠಾಣೆಯಲ್ಲಿ ಕಟ್ಟಡದ ಕೂಲಿ ಅಂಬಾಬಾಯಿ ಸಿಮೆಂಟು ಮೆತ್ತಿದ ಸೀರೆಯಲ್ಲೇ ನಿಂತು, ಅರೆಬರೆ ಮರಾಠಿಯಲ್ಲಿ ಕಾನ್‌ಸ್ಟೆಬಲ್ ವಿಕಾಸನಿಗೆ ಏನೋ ತಿಳಿಸಲು ಹೆಣಗುತ್ತಿದ್ದಳು. ವಿಕಾಸ ಎಂದಿನಂತೆ ಕೇಳಿದ: "ನಿಮ್ಮ ಮುಕಾದಮ ಮಲಕಪ್ಪ ಎಲ್ಲಿ? ಅವನನ್ನು ಕರೆಸಿ."

ಅಂಬಾಬಾಯಿ ಗೋಡೆಯ ಕಡೆ ತಿರುಗಿ ಕನ್ನಡದಲ್ಲಿ ಗೊಣಗಿದಳು: "ಇವ್ರು ಅವನ ಬಾಯಿಲೇನ ಕೇಳೋರು. ಆ ಹುಡುಗಿ ಸತ್ರೂ ಅವನ್ನೇ ಕೇಳ್ತಾರ."

ಇನ್ಸ್‌ಪೆಕ್ಟರ್ ನೀಲಿಮಾ ದೇಸಾಯಿ ಫೈಲಿನಿಂದ ತಲೆ ಎತ್ತಿದಳು. ಮನೆತನ ಧಾರವಾಡದ್ದು, ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಪೊಲೀಸ್ ಕೆಲಸದ ಹನ್ನೊಂದು ವರ್ಷಗಳಲ್ಲಿ ಅವಳ ಕನ್ನಡ ಮನೆಯ ಹೊಸ್ತಿಲು ದಾಟಿರಲಿಲ್ಲ. ವಿಕಾಸನಿಗೂ ಅದರ ಸುಳಿವಿರಲಿಲ್ಲ.

"ಯಾವ ಹುಡುಗಿ? ಮೊದಲ ಕೂಡ್ರಿ. ನನಗ ಹೇಳ್ರಿ."

"ಅಯ್ಯ, ನಿಮಗ ನಮ್ಮ ಮಾತು ಬರ್ತದೇನ್ರಿ?" ಅಂಬಾಬಾಯಿಗೆ ಅಳು ಬಂತು. ಆಮೇಲೆ ಎಲ್ಲವನ್ನೂ ಹೇಳಿದಳು.

ಶಿವಕಾಂತಾ, ವಯಸ್ಸು 23, ಅಂಬಾಬಾಯಿಯ ಜೊತೆಯ ಕೂಲಿ. ಹಾಜರಿ ಹಚ್ಚಲು ಮುಕಾದಮ, ಅಂದರೆ ಕೂಲಿಗಳ ಮೇಸ್ತ್ರಿ, ಮಲಕಪ್ಪ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಸಿಮೆಂಟ್ ಗೋದಾಮಿಗೆ ಕರೆಯುತ್ತಿದ್ದ. ಅಲ್ಲಿ ಶಿವಕಾಂತಾಳ ಮೈಮೇಲೆ ಕೈ ಹಾಕಿದ. ಒಮ್ಮೆಯಲ್ಲ, ಮೂರು ಸಲ. ಫೆಬ್ರುವರಿ 3ರಂದು ಅವಳು ಧೈರ್ಯ ಮಾಡಿ ಒಬ್ಬಳೇ ಇದೇ ಠಾಣೆಗೆ ಬಂದಿದ್ದಳು. ಮಾತು ತಿಳಿಯದ ಠಾಣೆಯವರು, ರೂಢಿಯಂತೆ, ಮಲಕಪ್ಪನಿಗೇ ಫೋನ್ ಮಾಡಿದರು. ಅವನನ್ನು ಕಂಡದ್ದೇ ಅವಳ ಬಾಯಿ ಕಟ್ಟಿತು. ಮುಂದಿನದನ್ನೆಲ್ಲ ಅವನೇ ಬರೆಸಿದ.

ನೀಲಿಮಾ ರಿಜಿಸ್ಟರ್ ತೆರೆದಳು. "ನಳದ ನೀರಿಗಾಗಿ ಹೆಂಗಸರ ಜಗಳ. ದೂರುದಾರಳಿಗೆ ಕ್ರಮ ಬೇಡ." ಕೆಳಗೆ ಶಿವಕಾಂತಾಳ ಹೆಬ್ಬೆಟ್ಟು. ಮಾತು ತಿಳಿಸಿದವರು: ಮಲಕಪ್ಪ. ಅದರ ಕೆಳಗೆ, ಅಂದು ಸಂಜೆ ರಾಶಿ ಕಾಗದಗಳ ನಡುವೆ ಹಾಕಿದ ನೀಲಿಮಾಳದೇ ರುಜು.

"ಇವರ ಮಾತು ತಿಳಿಸೋಕೆ ಆಸ್ಪತ್ರೆಗೂ ಶಾಲೆಗೂ ಅವನೇ ಬರ್ತಾನೆ ಮೇಡಂ," ವಿಕಾಸ ತಲೆ ತಗ್ಗಿಸಿದ. "ಸುಲಭವಾಗ್ತಿತ್ತು."

"ಯಾರಿಗೆ?"



11.30. ಸೈಟಿನ ತಗಡಿನ ಶೆಡ್ಡಿನಲ್ಲಿ ಶಿವಕಾಂತಾ ಬಟ್ಟೆಯ ಗಂಟು ಕಟ್ಟುತ್ತಿದ್ದಳು. ಗಂಡ ಹುಲಿಗೆಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿದ್ದ ದೂರಿನ ಪ್ರತಿಯನ್ನು ಮುಂದೆ ಹಿಡಿದ.

"ನನ್ನ ಮುಂದ ಒಂದು ಹೇಳ್ತಾಳ್ರಿ, ಪೊಲೀಸರ ಮುಂದ ಒಂದು. ಮುಕಾದಮ ಓದಿ ತೋರಿಸ್ಯಾನ. ಸರಕಾರಿ ಕಾಗದ, ಇಕೀದೇ ಹೆಬ್ಬೆಟ್ಟು. ತವರಿಗೆ ಬಿಟ್ಟು ಬರ್ತೀನಿ. ಮತ್ತ ಕರಕೊಂಡು ಬರೂದಿಲ್ಲ."

ನೀಲಿಮಾ ಕಾಗದವನ್ನು ತೆಗೆದುಕೊಂಡಳು. "ಇದರಾಗ ನಿಮ್ಮ ಹೆಂಡತಿಯ ಒಂದು ಮಾತೂ ಇಲ್ರಿ ಹುಲಿಗೆಪ್ಪ. ಎಲ್ಲಾ ಮಲಕಪ್ಪನ ಮಾತು. ನಾ ಓದದನ ರುಜು ಮಾಡೀನಿ. ತಪ್ಪು ನಮ್ಮದು, ನಿಮ್ಮ ಹೆಂಡತೀದಲ್ಲ."

ಹುಲಿಗೆಪ್ಪ ಹೆಂಡತಿಯ ಮುಖ ನೋಡಿದ. ಅವಳು ನೋಡಲಿಲ್ಲ. ಆ ಹೊತ್ತಿಗೆ ಜೀಪು ಕಂಡ ಮಲಕಪ್ಪ ಹಿಂದಿನ ಗೇಟಿನಿಂದ ಜಾಗ ಖಾಲಿ ಮಾಡಿದ್ದ.

12.50. ಠಾಣೆಯ ಒಳಕೋಣೆ. ಮಹಿಳಾ ಸಹಾಯ ಕೇಂದ್ರದ ಆಪ್ತಸಲಹೆಗಾರ್ತಿ ನರ್ಮದಾ ಶಿವಕಾಂತಾಳ ಪಕ್ಕದಲ್ಲಿ ಕುಳಿತು ನೀರು ಕೊಟ್ಟಳು. "ಅವಸರಿಲ್ಲವ್ವಾ. ದಣಿದರ ನಿಲ್ಲಿಸು. ನಿನ್ನ ಹೆಸರು ಹೊರಗ ಹೋಗೂದಿಲ್ಲ. ಕೋರ್ಟಿಗೂ ನಾ ಜೋಡಿ ಬರ್ತೀನಿ."

ಹೇಳಿಕೆ ಮುಗಿಯಲು ಒಂದು ತಾಸು ಹಿಡಿಯಿತು. ಹೆಬ್ಬೆಟ್ಟಿನ ಶಾಯಿ ಕಂಡದ್ದೇ ಶಿವಕಾಂತಾ ಕೈ ಹಿಂದಕ್ಕೆಳೆದುಕೊಂಡಳು.

"ಏನ ಬರದೀರಿ?"

ನೀಲಿಮಾ ಎಫ್‌ಐಆರನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದಳು. ಶಿವಕಾಂತಾ ಒಂದು ಕಡೆ ತಡೆದಳು. "ಎರಡ ಸಲ ಅಲ್ರಿ. ಮೂರ ಸಲ." ತಿದ್ದಿದರು. ಮತ್ತೆ ಮೊದಲಿನಿಂದ ಹೇಳಿಸಿಕೊಂಡಳು. ಆಮೇಲೆಯೇ ಹೆಬ್ಬೆಟ್ಟು ಒತ್ತಿದಳು.

2.40. ಗೋದಾಮಿನ ಪಂಚನಾಮೆ. ಇಬ್ಬರು ಪಂಚರ ಎದುರು ವಿಕಾಸ ಬಾಗಿಲು ಪರೀಕ್ಷಿಸಿದ. ಹೊರಗೆ ತುಕ್ಕು ಹಿಡಿದ ಬೀಗ; ಒಳಗೆ ಹೊಚ್ಚ ಹೊಸ ಚಿಲಕ. ಸಿಮೆಂಟ್ ಚೀಲಗಳಿಗೆ ಒಳಗಿನಿಂದ ಚಿಲಕ ಯಾಕೆ? ಸೈಟಿನ ಬಡಿಗ ಒಪ್ಪಿಕೊಂಡ: ಮಲಕಪ್ಪನೇ ಕಳೆದ ತಿಂಗಳು ಹಾಕಿಸಿದ್ದು. ವಿಕಾಸ ಅದನ್ನೂ ಬರೆದುಕೊಂಡ.

ಮಲಕಪ್ಪನ ಮೊಬೈಲು ದೌಂಡದ ರೈಲು ನಿಲ್ದಾಣದಲ್ಲಿರುವ ಸುಳಿವು ಸಿಕ್ಕಿತು. 5.35ಕ್ಕೆ, ಸೋಲಾಪುರದ ಗಾಡಿ ಕಾಯುತ್ತ ಚಹಾ ಕುಡಿಯುತ್ತಿದ್ದವನ ಎರಡೂ ಬದಿಗೆ ನೀಲಿಮಾ, ವಿಕಾಸ ನಿಂತರು. ಮಲಕಪ್ಪ ಗಾಬರಿಯಾಗಲಿಲ್ಲ. ನಕ್ಕ. ಸೊಗಸಾದ ಮರಾಠಿಯಲ್ಲಿ ಹೇಳಿದ: "ಏನೋ ಗೊಂದಲವಾಗಿದೆ ಮೇಡಂ. ಆ ಹೆಂಗಸಿನ ಮಾತು ನಿಮಗೆ ತಿಳಿಯುವುದಿಲ್ಲ. ನಾನು ತಿಳಿಸಿ ಹೇಳುತ್ತೇನೆ."

"ಬ್ಯಾಡ ಮಲಕಪ್ಪ," ನೀಲಿಮಾ ಕನ್ನಡದಲ್ಲಿ ಹೇಳಿದಳು. "ಅಕಿ ಎಲ್ಲಾ ನನಗ ಹೇಳ್ಯಾಳ."

ಚಹಾದ ಕಪ್ಪು ಅವನ ಕೈಯಲ್ಲೇ ಉಳಿಯಿತು. ಪುಣೆಗೆ ಮರಳುವ ಜೀಪಿನಲ್ಲಿ, ಯವತ ಊರು ದಾಟಿದ ಮೇಲೆ ತಾನಾಗಿ ಬಾಯಿಬಿಟ್ಟ.

"ನಾ ಇಲ್ಲಂದ್ರ ಇವ್ರಿಗೆ ಒಂದು ಗುಳಿಗಿ ಸೈತ ಸಿಗತಿದ್ದಿಲ್ರಿ. ಡಾಕ್ಟರ್ ನನ್ನ ಕೇಳಾವ್ರು, ಮಾಸ್ತರ್ ನನ್ನ ಕೇಳಾವ್ರು, ನೀವೂ ನನ್ನ ಕೇಳಿದ್ರಿ. ಯಾರಿಗೆ ಹೇಳ್ತಾಳ ಅಂತ ಮಾಡೀನಿ."

ಮರುದಿನ ಬೆಳಿಗ್ಗೆ 9.15ಕ್ಕೆ ನೀಲಿಮಾ ಕೇಸ್ ಡೈರಿ ಬರೆದಳು. ಆರೋಪಿಯದು ಒಂದು ಕ್ಷಣದ ಚಪಲವಲ್ಲ. ಸೈಟಿನ ಎಪ್ಪತ್ತು ಕೂಲಿಗಳ ನಾಲಿಗೆ ತನ್ನೊಬ್ಬನ ಬಾಯಿಯಲ್ಲಿದೆ ಎಂಬ ಸೊಕ್ಕು. ಆ ಸೊಕ್ಕನ್ನು ಬೆಳೆಸಿದವರಲ್ಲಿ ಈ ಠಾಣೆಯೂ ಸೇರಿದೆ.

ಆಮೇಲೆ ಇನ್ನೊಂದು ಹಾಳೆ ತೆಗೆದುಕೊಂಡಳು. ಅದನ್ನು ಬರೆದರೆ ತನಿಖೆ ತನ್ನ ಕೈಬಿಟ್ಟು ಬೇರೆಯವರಿಗೆ ಹೋಗುತ್ತದೆಂದು, ಮೇಲಿನವರು ಕಾರಣ ಕೇಳುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಸಾಕ್ಷಿಯ ಹೇಳಿಕೆ. ಫೆಬ್ರುವರಿ 3, ಬೆಳಿಗ್ಗೆ 11.10. ನಾನು ಶಿವಾಜಿನಗರದ ಕೋರ್ಟಿಗೆ ಹೊರಟಿದ್ದೆ. ಬಾಗಿಲ ಬಳಿ ದೂರುದಾರಳು 'ಅವನ್ನ ಕರೀಬ್ಯಾಡ್ರಿ, ಅವನ್ನ ಕರೀಬ್ಯಾಡ್ರಿ' ಎಂದು ಅಳುತ್ತಿದ್ದಳು. ನನಗೆ ಕನ್ನಡ ಬರುತ್ತದೆ. ನಾನು ನಿಲ್ಲಲಿಲ್ಲ."

ಎರಡು ಸಲ ಓದಿದಳು. ರುಜು ಹಾಕಿದಳು.