ಒಳ್ಳೇದೇ ಆಯ್ತು

'ಒಳ್ಳೇದೇ ಆಯ್ತು.'

ಇಷ್ಟೇ ಬಂದದ್ದು. 'ಮನೆಯಲ್ಲಿ ನನಗೆ ಗಂಡು ಗೊತ್ತು ಮಾಡ್ತಿದ್ದಾರೆ, ಭಾನುವಾರ ಅವರು ಬರ್ತಾರಂತೆ, ನೀನು ಏನು ಹೇಳ್ತೀಯ?' ಎಂದು ಅವಳು ಅಳುತ್ತಲೇ, ಅಲ್ಪವಿರಾಮ ಮಾತ್ರ ತಪ್ಪದಂತೆ ಬರೆದ ಮೆಸೇಜಿಗೆ ಅವನ ಉತ್ತರ ಅಷ್ಟೇ. 'ಟೈಪಿಂಗ್' ಎಂದು ಮಿನುಗಿತು, ಆರಿತು. ಮತ್ತೆ ಮಿನುಗಿತು. ಇನ್ನೇನು ಬರೆಯುತ್ತಾನೆ, ಶುಭಾಶಯವೇ? ಅವಳು ಕಾಯದೆ ಅವನ ನಂಬರನ್ನೇ ಬ್ಲಾಕ್ ಮಾಡಿದಳು. ನಡುಮನೆಗೆ ಹೋಗಿ, "ನೀವು ನೋಡಿದ ಹುಡುಗನೇ ಆಗ್ಲಿ ಅಪ್ಪ" ಎಂದುಬಿಟ್ಟಳು.

ಅವಳು ಪ್ರೆಸ್ಸೊಂದರಲ್ಲಿ ಪುಸ್ತಕಗಳ ಕರಡು ತಿದ್ದುವವಳು. ಅವನು ಪ್ರಾಣಿಗಳ ಡಾಕ್ಟರು. ಬೆಕ್ಕಿಗೆ ಚುಚ್ಚುಮದ್ದು ಹಾಕಿಸಲು ಹೋದವಳು ಅವನ ಬೋರ್ಡಿನ ಕಾಗುಣಿತ ತಿದ್ದಿದ್ದಳು. "ಕರಡು ತಿದ್ದೋಳು ಕರಡಿ ಅಲ್ದೆ ಮತ್ತೇನು?" ಎಂದು ಅವನು ಕಣ್ಣಂಚಿನಲ್ಲೇ ನಕ್ಕಿದ್ದ. ಆವತ್ತು ಬೆಕ್ಕಿಗಿಂತ ಮೊದಲು ಅವನ ಕೈಗೆ ಸಿಕ್ಕಿಬಿದ್ದವಳು ಅವಳೇ.

ಅವನಲ್ಲಿ ಅವಳಿಗೆ ಆಗದ ಚಾಳಿ ಒಂದೇ: ಮೆಸೇಜನ್ನು ಚೂರು ಚೂರು ಮಾಡಿ ಕಳಿಸುವುದು. 'ಬರ್ತೀನಿ.' ಟಿಣ್. 'ಆದ್ರೆ.' ಟಿಣ್. 'ಲೇಟು.' ಬಹಳ ಹೊತ್ತಿನ ಮೇಲೆ, 'ಹಸು.'

"ವಾಕ್ಯ ಮುಗಿಸಿದ್ರೆ ನಿಂಗೇನು ಗಂಟು ಹೋಗುತ್ತೆ?"

"ಒಂದು ಕೈ ಹಸು ಮೇಲಿರುತ್ತೆ ಕಣೇ!"

ಬ್ಲಾಕ್ ಮಾಡಿದ ಮೇಲೆ ಅವಳಿಗೆ ಅನ್ನ ಸೇರಲಿಲ್ಲ. ಅಚ್ಚಿಗೆ ಹೋಗುವ ಪುಟಗಳಲ್ಲಿ ತಪ್ಪುಗಳು ಕಣ್ಣೆದುರೇ ದಾಟಿಹೋದವು. ಶನಿವಾರ ಮಧ್ಯಾಹ್ನ ತಡೆಯಲಾರದೆ, ಬೈದಾದರೂ ಬರೋಣವೆಂದು ಆಸ್ಪತ್ರೆಗೆ ನುಗ್ಗಿದಳು.

ಮೇಜಿನ ಮೇಲೆ ಕಾಲು ಹರಿದುಕೊಂಡ ನಾಯಿ. ಹೊಲಿಗೆ ಹಾಕುತ್ತಿದ್ದವನು ತಲೆಯೆತ್ತಿದ. ಕಣ್ಣು ಕೆಂಪಾಗಿತ್ತು, ಗಡ್ಡ ಬೆಳೆದಿತ್ತು.

"ಆ ಕಾಲು ಹಿಡ್ಕೋ."

"ನಾನು ಜಗಳಕ್ಕೆ ಬಂದಿದೀನಿ."

"ಹಿಡ್ಕೊಂಡೇ ಜಗಳಾಡು."

ಹಿಡಿದಳು. ಬೆರಳು ಬೆರಳಿಗೆ ತಾಗಿತು, ಇಬ್ಬರೂ ತೆಗೆಯಲಿಲ್ಲ.

"ನನ್ನ ಮದುವೆ ಅಂದ್ರೆ ಒಳ್ಳೇದಾಯ್ತು ಅಂತೀಯಲ್ಲ, ಕಲ್ಲು ಮನಸ್ಸಿನೋನೇ!"

ಸೂಜಿ ನಿಂತಿತು. "ಅಷ್ಟೇ ಓದಿದ್ಯಾ? ನನ್ನ ಜೇಬಿಂದ ಫೋನ್ ತೆಗಿ. ನೋಡು."

ತೆಗೆದು ನೋಡಿದಳು. ಅವಳನ್ನು ಮುಟ್ಟದೇ ಹೋದ ಚೂರುಗಳು ಒಂಟಿ ಟಿಕ್ಕಿನೊಂದಿಗೆ ಸಾಲಾಗಿ ಬಿದ್ದಿದ್ದವು. 'ಈಗಲಾದ್ರೂ.' 'ಧೈರ್ಯ ಮಾಡ್ತೀನಿ.' 'ನಿಮ್ಮಪ್ಪನ್ನ ಕೇಳೋಕೆ.' 'ನಾಳೇನೇ ಬರ್ಲಾ?' 'ಕರಡಿ?' 'ಇದೀಯಾ?'

ಅವಳು ಫೋನನ್ನು ಅವನ ಜೇಬಿಗೇ ಮರಳಿ ತುರುಕಿದಳು. "ಬಂದು ಹೇಳ್ಬಾರ್ದಿತ್ತಾ?"

"ಪ್ರೆಸ್ ಬಾಗಿಲ ತನಕ ಬಂದಿದ್ದೆ. ಬೇಡ ಅಂತ ಬ್ಲಾಕ್ ಮಾಡಿದೋಳ ಮುಂದೆ ಹಲ್ಲು ಗಿಂಜ್ಕೊಂಡು ಹೆಂಗೆ ನಿಲ್ಲಲಿ?"

"ನಾಳೆ ಅವರು ಬರ್ತಾರೆ. ನಾನೇ ಹೂಂ ಅಂದ್ಬಿಟ್ಟಿದೀನಿ."

ಅವನು ಕೊನೆಯ ಹೊಲಿಗೆ ಮುಗಿಸಿ ದಾರ ಕತ್ತರಿಸಿದ. ಆಮೇಲೆ ಅವಳ ಮುಖವನ್ನೇ ನೋಡುತ್ತ ಹೇಳಿದ: "ನೀನಿಲ್ದೆ ನನ್ನ ಕೈಲಿ ಆಗಲ್ಲ ಕಣೇ. ಈ ವಾರ ಹೆಂಗೆ ಬದುಕಿದೀನೋ ನಂಗೇ ಗೊತ್ತಿಲ್ಲ. ಹೋಗ್ಬೇಡ."

ಅವಳು ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದಳು. ಅಳುತ್ತ, ಬಿಕ್ಕುತ್ತ, ಏನನ್ನೂ ಮುಚ್ಚಿಡದೆ ಹೇಳಿದಳು.

"ಮಾತು ಕೊಟ್ಟಾಗಿದೆಯಲ್ಲಮ್ಮ. ಅವರೆದುರು ಮುಖ ಎಲ್ಲಿಡ್ಲಿ?"

"ತಪ್ಪು ನಂದು ಅಂತ ಹೇಳಿ ಅಪ್ಪ. ಬೇಕಾದ್ರೆ ನಾನೇ ಹೋಗಿ ಅವರ ಕಾಲಿಗೆ ಬೀಳ್ತೀನಿ."

ಅವನು ನಾಯಿಯ ಕಾಲಿಗೆ ಪಟ್ಟಿ ಸುತ್ತುತ್ತ ಫೋನಿನತ್ತಲೇ ಕಿವಿಯಿಟ್ಟಿದ್ದ.

"ಆ ಹುಡುಗ ಅಲ್ಲೇ ಇದಾನಾ?"

"ಇದಾರೆ ಅಪ್ಪ."

"ಕರ್ಕೊಂಡು ಬಾ. ಅವರಿಗೆ ಬರ್ಬೇಡಿ ಅನ್ನೋಕೆ ಮುಂಚೆ ನಾನೊಂದ್ಸಲ ಅವನ ಮುಖ ನೋಡ್ಬೇಕು."

ಅವನು ಗಾಬರಿಯಾಗಿ ತನ್ನ ರಕ್ತದ ಕಲೆಯ ಅಂಗಿ ನೋಡಿಕೊಂಡ. "ಇದೇ ಅಂಗೀಲಾ?"

"ಇದೇ ಅಂಗೀಲಿ," ಎಂದು ಅವಳು ಅವನ ಕೈ ಹಿಡಿದೆಳೆದಳು. "ನಡಿ."