ಏಳನೇ ನಂಬರಿನ ಫೋನು

ಮೀನು ಕೊಯ್ಯುವ ಕತ್ತಿ ನನ್ನ ಗಂಟಲಿಗೆ ತಾಗಿಕೊಂಡೇ ಇತ್ತು ಸಾಹೇಬ್ರೆ.

ಭಟ್ಕಳದ ಹತ್ತಿರ ಬೆಳಕೆ ಊರಿನ ಕಡಲ ದಂಡೆ. ಮಧ್ಯಾಹ್ನದ ಬಿಸಿಲು. ಮೇಲಕ್ಕೆ ಎಳೆದಿಟ್ಟ ದೋಣಿಗೆ ನನ್ನ ಬೆನ್ನು. ಎದುರಿಗೆ ನಾಲ್ಕು ಜನ. ಕತ್ತಿ ಹಿಡಿದವನು ಗಣಪ... ನಾನು ಹುಡುಕಿಕೊಂಡು ಬಂದದ್ದು ಅವನ ತಂಗಿಯನ್ನು.

"ಯಾರು ನೀನು?"

"ಭಾಸ್ಕರ. ಹೊನ್ನಾವರದವ."

"ಎಂತಕ್ಕೆ ಬಂದೆ?"

"ಸುಚಿತಾನ ಹತ್ರ ಒಂದು ಮಾತು ಕೇಳೂದಿತ್ತು."

"ಮಾತು ಕೇಳೂಕೆ ಬಂದವನಿಗೆ ಸೊಂಟದಲ್ಲಿ ರಾಡ್ ಎಂತಕ್ಕೆ?"

ಅವನು ಕೇಳಿದ್ದು ಸರಿಯೇ. ರಾಡ್ ಇತ್ತು. ಬರ್ಕಳಿ, ಅದನ್ನೂ ಬರ್ಕಳಿ. ಎಲ್ಲಾ ಹೇಳಲಿಕ್ಕೆಂದೇ ನಿಮ್ಮ ಠಾಣೆಗೆ ಬಂದಿದ್ದೇನೆ.

ನನ್ನ ಕೆಲಸ ಎಂಥದ್ದು ಅಂತ ನಿಮಗೆ ಗೊತ್ತು. ಕುಮಟೆಯಿಂದ ಭಟ್ಕಳದವರೆಗೆ ಯಾರ ಕೆಲಸ ನೆಟ್ಟಗಿನ ದಾರಿಯಲ್ಲಿ ಆಗುವುದಿಲ್ಲವೋ ಅವರೆಲ್ಲ ನನಗೆ ಫೋನ್ ಮಾಡ್ತಾರೆ. ಕದ್ದ ಬೈಕು ಹುಡುಕುವುದು, ಆಫೀಸಲ್ಲಿ ಮಲಗಿದ ಫೈಲು ಏಳಿಸುವುದು, ಓಡಿಹೋದವರನ್ನು ಎಳೆದು ತರುವುದು. ಈ ಸಲ ಮಾತ್ರ ಯಾರೂ ಫೋನ್ ಮಾಡಿರಲಿಲ್ಲ. ನನ್ನದೇ ಕೆಲಸ.

ಒಂಬತ್ತು ದಿನದ ಹಿಂದೆ ನನ್ನ ತಂಗಿ ಮಂಜಿ ತೀರಿಕೊಂಡಳು.

ಇಪ್ಪತ್ತಾರು ವರ್ಷ. ಚೊಚ್ಚಲ ಹೆರಿಗೆ. ತವರಲ್ಲೇ ಆಗಬೇಕಿತ್ತು. ಅಮ್ಮ ಇಲ್ಲದ ಮನೆ, ಬಾಣಂತನ ಮಾಡುವವರು ಯಾರು ಅಂತ ನಾನೇ ಅವಳನ್ನು ಗಂಡನ ಮನೆಗೆ ಬಿಟ್ಟು ಬಂದಿದ್ದೆ. ಗಂಡ ಈರ ತದಡಿಯ ಬೋಟಿಗೆ ಹೋಗುವವ. ಅವತ್ತು ಅವನು ಕಡಲಲ್ಲಿದ್ದ. ಬೆಳಿಗ್ಗೆ ನೋವು ಬಂತು. ದೊಡ್ಡಾಸ್ಪತ್ರೆಗೆ ಹೋಗುವಷ್ಟು ಪುರುಸೊತ್ತೇ ಕೊಡಲಿಲ್ಲ. ಊರಿನ ಉಪಕೇಂದ್ರದಲ್ಲೇ ಹೆಣ್ಣು ಮಗು ಹುಟ್ಟಿತು. ಮಗು ಗಟ್ಟಿಯಾಗಿ ಅತ್ತಿತಂತೆ. ಮಂಜಿ ನಕ್ಕಳಂತೆ. ಆಮೇಲೆ ರಕ್ತ ನಿಲ್ಲಲಿಲ್ಲ. ಅಂಬ್ಯುಲೆನ್ಸ್ ಬರುವಷ್ಟರಲ್ಲಿ... ಆತು.

ಹೆರಿಗೆ ಮಾಡಿಸಿದ ನರ್ಸು ಸುಚಿತಾ. ಇಪ್ಪತ್ಮೂರು ವರ್ಷದ ಹುಡುಗಿ. ಅದೇ ಸಂಜೆ ನಾಪತ್ತೆ.

"ಅವಳದ್ದು ಎಲ್ಲಾ ಆನ್‌ಲೈನ್ ಟ್ರೇನಿಂಗ್ ಪಾಸಾಗಿದೆ. ಹೆರಿಗೆಯದ್ದರಲ್ಲಿ ನೂರಕ್ಕೆ ತೊಂಬತ್ತಾರು" ಅಂತ ಅಲ್ಲಿಯವರು ಹೇಳಿದರು.

ತೊಂಬತ್ತಾರು ತಗೊಂಡವಳಿಗೆ ರಕ್ತ ನಿಲ್ಲಿಸುವುದು ಗೊತ್ತಿರಲಿಲ್ಲವಾ? ಗೊತ್ತಿದ್ದೂ ಮಾಡಲಿಲ್ಲವಾ? ಅದೊಂದು ನನಗೆ ಗೊತ್ತಾಗಬೇಕಿತ್ತು.

ಉಪಕೇಂದ್ರದಲ್ಲಿ ಅವಳ ಫೋಟೋ ನೋಡಿಟ್ಟುಕೊಂಡಿದ್ದೆ. ನಿನ್ನೆ ಕುಮಟಾ ಬಸ್‌ಸ್ಟ್ಯಾಂಡಲ್ಲಿ ಕಂಡಳು. ನಾನು ಬೈಕು ತಿರುಗಿಸುವಷ್ಟರಲ್ಲಿ ಬಸ್ಸು ಹತ್ತಿದಳು. ಹೈವೇಯಲ್ಲಿ ಬಸ್ಸಿನ ಬಾಲ ಹಿಡಿದೇ ಬಂದೆ. ಹೊನ್ನಾವರದಲ್ಲಿ ಇಳಿದವಳು ನನ್ನನ್ನು ನೋಡಿ ಮೀನು ಮಾರ್ಕೆಟ್ಟಿನ ಒಳಗೆ ನುಗ್ಗಿದಳು. ನಾನೂ ನುಗ್ಗಿದೆ. ಬುಟ್ಟಿ ಎಡವಿ ಬಿದ್ದೆ. ಮೀನಿನ ಹೆಂಗಸರ ಬೈಗುಳ ತಿಂದೆ. ಎದ್ದು ಹೊರಗೆ ಬಂದರೆ ಅವಳಿಲ್ಲ.

ಇವತ್ತು ಬೆಳಿಗ್ಗೆ ದಿನಕರನ ಫೋನ್ ಬಂತು. ಆನ್‌ಲೈನ್ ಟ್ರೇನಿಂಗ್ ನಡೆಸುವ ಏಜೆನ್ಸಿಯ ಮನುಷ್ಯ. ಹಿಂದೆ ಅವನದ್ದೂ ಒಂದೆರಡು ಕೆಲಸ ಮಾಡಿಕೊಟ್ಟಿದ್ದೆ.

"ಆ ಹುಡುಗಿ ಬೆಳಕೆಯಲ್ಲಿ ಅಣ್ಣನ ಮನೆಯಲ್ಲಿದೆ ಭಾಸ್ಕರ. ಮೊದಲು ಅವಳ ಫೋನ್ ಕಸಿ. ಆಮೇಲೆ ಎಂತ ಬೇಕಾದ್ರೂ ಮಾಡ್ಕ."

"ಫೋನ್ ಎಂತಕ್ಕೆ?"

"ಅದೆಲ್ಲ ನಿಂಗೆ ಬೇಡ ಮಾರಾಯಾ."

ಹಾಗೆ ಬಂದು ಕತ್ತಿಗೆ ಸಿಕ್ಕಿದ್ದು.

"ಬಿಡು ಗಣಪಣ್ಣ." ಮನೆಯ ಕಡೆಯಿಂದ ದನಿ ಬಂತು. "ಅವರು ಮಂಜಿಯ ಅಣ್ಣ. ಮುಖ ನೋಡಿದ್ರೇ ಗೊತ್ತಾಗ್ತದೆ."

ಸುಚಿತಾ. ಅತ್ತೂ ಅತ್ತೂ ಕಣ್ಣು ಬಾತಿತ್ತು. ಕತ್ತಿ ಕೆಳಗಿಳಿಯಿತು. ನನ್ನ ರಾಡನ್ನು ಗಣಪ ಕಿತ್ತು ಮರಳಿಗೆ ಎಸೆದ.

"ತೊಂಬತ್ತಾರು ಮಾರ್ಕು ತಗಂಡವಳು ನೀನು" ಅಂದೆ. "ನನ್ನ ತಂಗಿ ಕಣ್ಣೆದುರು ಸಾಯ್ತಾ ಇದ್ರೆ ಎಂತ ಮಾಡ್ದೆ?"

"ಒಂದು ಇಂಜೆಕ್ಷನ್ ಕೊಟ್ಟೆ. ಬಟ್ಟೆ ಒತ್ತಿ ಹಿಡಿದೆ. ಅಂಬ್ಯುಲೆನ್ಸಿಗೆ ಫೋನ್ ಮಾಡ್ದೆ..."

"ಅಷ್ಟೇಯಾ?"

"ಆಮೇಲೆ ಎಂತ ಮಾಡೂದು ಗೊತ್ತಾಗ್ಲಿಲ್ಲ ಅಣ್ಣಾ. ಕಾಲೇಜಲ್ಲಿ ಒಂದು ಸಲ ಹಿಂದೆ ನಿಂತು ನೋಡಿದ್ದು ಬಿಟ್ರೆ..."

"ಮತ್ತೆ ಟ್ರೇನಿಂಗು?"

"ನಾನು ಆ ಟ್ರೇನಿಂಗ್ ನೋಡಲೇ ಇಲ್ಲ."

ಮೊದಲು ಅವಳಿದ್ದದ್ದು ಯಾಣದ ಕಡೆಯ ಕಾಡೂರಲ್ಲಿ. ಮಂಜಿಯ ಗಂಡನ ಊರಿಗೆ ವರ್ಗವಾಗಿ ಬಂದದ್ದು ಹೋದ ತಿಂಗಳು. ಕಾಡಿನಲ್ಲಿ ಟವರ್ ಸಿಗುವುದಿಲ್ಲ. ವಿಡಿಯೋ ಅರ್ಧಕ್ಕೇ ನಿಲ್ಲುತ್ತದೆ. ಕಡೇ ತಾರೀಕು ಹತ್ತಿರ ಬಂತು. ಮುಗಿಸದಿದ್ದರೆ ನೋಟಿಸು.

"ದಿನಕರ ಸರ್ ನಮ್ಮ ಆ ಕಡೆಯ ಹದಿನಾಲ್ಕು ನರ್ಸುಗಳ ಫೋನ್ ಚೀಲಕ್ಕೆ ಹಾಕ್ಕಂಡು ಹೋದ್ರು. ಹೊನ್ನಾವರದಲ್ಲಿ ಒಬ್ಬರು ವಿಡಿಯೋ ಪೂರ್ತಿ ಓಡಿಸಿ ಕೊಡ್ತಾರೆ ಅಂದ್ರು. ಮೂರು ದಿನಕ್ಕೆ ಫೋನೂ ಬಂತು, ಸರ್ಟಿಫಿಕೇಟೂ ಬಂತು. ಎಲ್ಲರೂ ಕೊಟ್ರು, ನಾನೂ ಕೊಟ್ಟೆ. ಕೊಡಬಾರದಿತ್ತು."

ಕವರ್ ಬಿಚ್ಚಿ ಫೋನನ್ನು ನನ್ನ ಕೈಯಲ್ಲಿಟ್ಟಳು. ಬೆನ್ನಲ್ಲಿ ಕೆಂಪು ಉಗುರುಬಣ್ಣದಲ್ಲಿ ದುಂಡಗೆ ಬರೆದ ಒಂದು ಅಂಕೆ. ೭.

ಆ ಅಕ್ಷರ ನನಗೆ ಗೊತ್ತು ಸಾಹೇಬ್ರೆ. ಆ ಬಣ್ಣದ ಬಾಟಲಿ ಇನ್ನೂ ನನ್ನ ಮನೆಯ ಕನ್ನಡಿಯ ಹತ್ತಿರ ಇದೆ.

ಎರಡು ತಿಂಗಳ ಹಿಂದೆ ದಿನಕರ ಆ ಚೀಲ ತಂದು ಸುರಿದದ್ದು ನನ್ನ ಮಂಚದ ಮೇಲೆ. "ಓಡಿಸಿ ಇಡು ಮಾರಾಯಾ. ಆ ಆಪಲ್ಲಿ ಮುಂದೆ ಹಾರಿಸೂಕೆ ಆಗೂದಿಲ್ಲ. ಪೂರ್ತಿ ನೋಡಿ, ಪರೀಕ್ಷೆ ಬರೆದುಬಿಡು." ಯಾರ ಫೋನೋ, ಯಾವ ಊರಿನದೋ, ನಾನು ಕೇಳಲಿಲ್ಲ. ನನ್ನ ಕಸುಬಲ್ಲಿ ಕೇಳುವ ಪದ್ಧತಿ ಇಲ್ಲ.

ಮಂಜಿ ಬಯಕೆ ಊಟಕ್ಕೆ ಬಂದವಳು ಮನೆಯಲ್ಲೇ ಇದ್ದಳು. ಏಳು ತಿಂಗಳು. ಫೋನು ಒಂದಕ್ಕೊಂದು ಬದಲಿಹೋದೀತು ಅಂತ ತನ್ನ ಉಗುರುಬಣ್ಣ ತಂದು ಒಂದೊಂದರ ಬೆನ್ನಿಗೂ ನಂಬರು ಬರೆದಳು. ಹದಿನಾಲ್ಕನ್ನೂ ಸಾಲಾಗಿಟ್ಟು ಓಡಿಸಿದೆ. ಪರೀಕ್ಷೆಯಲ್ಲಿ ಮೊದಲ ಸಲ ನಾನು ಫೇಲು. ಮಂಜಿ ಬಿದ್ದು ಬಿದ್ದು ನಕ್ಕಳು. ಎರಡನೇ ಸಲ ಇಬ್ಬರೂ ಕೂತು ಸರಿಯಾಗಿ ನೋಡಿದೆವು. ರಬ್ಬರ್ ಗೊಂಬೆಗೆ ಹೆರಿಗೆ. ರಕ್ತ ನಿಲ್ಲದಿದ್ದರೆ ಹೊಟ್ಟೆಯ ಮೇಲೆ ಕೈಯಿಟ್ಟು, ಗರ್ಭಕೋಶ ಗಟ್ಟಿಯಾಗುವವರೆಗೆ ತಿಕ್ಕಬೇಕು ಅಂತ ತೋರಿಸುತ್ತಿದ್ದರು.

"ಅಣ್ಣಾ, ನಿಜವಾಗಿಯೂ ಇಷ್ಟು ರಕ್ತ ಹೋಗ್ತದಾ?"

"ಅದು ಬಣ್ಣದ ನೀರು. ಸುಮ್ನಿರು ಮಾರಾಯ್ತಿ."

ತೊಂಬತ್ತಾರು ಬಂದದ್ದು ಆಮೇಲೆ.

ಸುಚಿತಾ ಇನ್ನೂ ಮಾತಾಡುತ್ತಿದ್ದಳು.

"ಇನ್ನೊಂದು ಹೇಳ್ಬೇಕು ಅಣ್ಣಾ. ಯಾರಿಗೂ ಹೇಳ್ಲಿಲ್ಲ. ಕಡೆಗೆ ಮಂಜಿ ನನ್ನ ಕೈ ಎಳೆದು ತನ್ನ ಹೊಟ್ಟೆ ಮೇಲೆ ಇಟ್ಕಂಡ್ಳು. 'ತಿಕ್ಕಿ ಸಿಸ್ಟರ್, ವಿಡಿಯೋದಲ್ಲಿ ತಿಕ್ಕಿದ್ರಲ್ಲ' ಅಂದ್ಳು. ಯಾವ ವಿಡಿಯೋ ಅಂತ ನಂಗೆ ತಿಳೀಲಿಲ್ಲ. ಜೀವ ಹೋಗುವ ಹೊತ್ತಿನ ಬಡಬಡಿಕೆ ಅಂದ್ಕಂಡೆ. ಕೈ ಬಿಡಿಸ್ಕಂಡು ಮತ್ತೆ ಅಂಬ್ಯುಲೆನ್ಸಿಗೆ ಫೋನ್ ಮಾಡ್ದೆ."

ಮರಳಿನ ಮೇಲೆ ಕೂತೆ. ಮಂಜಿಯನ್ನು ಸುಟ್ಟ ದಿನ ಬಾರದ ಅಳು ಅಲ್ಲಿ ಬಂತು. ಕತ್ತಿ ಹಿಡಿದಿದ್ದ ಗಣಪನೇ ಒಳಗೆ ಹೋಗಿ ನೀರು ತಂದುಕೊಟ್ಟ.

ಅಷ್ಟರಲ್ಲಿ ದಿನಕರನ ಫೋನ್ ಬಂತು.

"ಫೋನ್ ಸಿಕ್ತಾ?"

"ಸಿಕ್ತು."

"ಕಡಲಿಗೆ ಎಸೆ. ವಿಡಿಯೋ ಯಾವತ್ತು, ಎಲ್ಲಿ ಓಡಿತು ಅಂತ ಅದರಲ್ಲಿದೆ, ಅದೊಂದಿದ್ರೆ ನಾವಿಬ್ರೂ ಒಳಗೆ ಹೋಗ್ತೇವೆ. ಟ್ರೇನಿಂಗ್ ಆದವಳೇ ತಪ್ಪು ಮಾಡಿದ್ದು ಅಂತ ಆದ್ರೆ ಅವಳೊಬ್ಳೇ ಹೋಗ್ತಾಳೆ."

"ಮಂಜಿ ಇದ್ದಾಗ ನೀನು ನಮ್ಮ ಮನೆಗೆ ಊಟಕ್ಕೆ ಬಂದಿದ್ದೆ ದಿನಕರ. ಅವಳೇ ಬಡಿಸಿದ್ದು."

ಅವನು ಫೋನ್ ಇಟ್ಟ.

ನಾನು ಬೈಕು ಹತ್ತಿದೆ. ಹೊನ್ನಾವರಕ್ಕೆ ಇನ್ನು ಸ್ವಲ್ಪ ದೂರ ಇರುವಾಗ ಹಿಂದಿನಿಂದ ಅವನ ಬಿಳಿ ಕಾರು ಬಂತು. ಒಂದು ಸಲ ಸವರಿಕೊಂಡು ಹೋಯಿತು. ಎರಡನೇ ಸಲ ಹೊಡೆಯಿತು. ಬೈಕು ಚರಂಡಿಗೆ, ನಾನು ಜಲ್ಲಿಗೆ. ಮೊಣಕೈ ಸುಲಿದದ್ದು ಅಲ್ಲೇ. ಫೋನು ಅಂಗಿಯ ಒಳಗಿತ್ತು, ಅದಕ್ಕೆ ಏನೂ ಆಗಲಿಲ್ಲ. ಉಳಿದ ದಾರಿ ಮೀನಿನ ಟೆಂಪೋದಲ್ಲಿ ಬಂದೆ.

ತಕಳಿ ಸಾಹೇಬ್ರೆ, ಇದೇ ಫೋನು. ಸುಚಿತಾನ ಮೇಲೆ ಬರೆಯುವ ಮೊದಲು ನನ್ನ ಹೆಸರು ಬರ್ಕಳಿ, ದಿನಕರನದ್ದೂ ಬರ್ಕಳಿ. ಒಂದು ಮಾತು ನಡೆಸಿಕೊಡಿ... ಇನ್ನುಳಿದ ಹದಿಮೂರು ನರ್ಸುಗಳನ್ನು ನಾಳೆಯೇ ಕರೆಸಿ, ಆ ಗೊಂಬೆ ಎದುರಿಗಿಟ್ಟು ಕೈ ಹಿಡಿದು ಕಲಿಸಲಿಕ್ಕೆ ಹೇಳಿ. ಅವರ ಕೈಗೆ ಇವತ್ತೂ ಯಾರೋ ಬರ್ತಾ ಇದ್ದಾರೆ.

ನಾನೇ ಓಡಿಸಿದ್ದು ಅಂತ ನಂಬಿಕೆ ಬರದಿದ್ದರೆ ಪ್ರಶ್ನೆ ಕೇಳಿ ನೋಡಿ. ಹೊಟ್ಟೆ ತಿಕ್ಕಬೇಕು. ಮೂತ್ರಚೀಲ ಖಾಲಿ ಮಾಡಿಸಬೇಕು. ಇಂಜೆಕ್ಷನ್ನು ತಂಪಿನಲ್ಲಿಟ್ಟಿರಬೇಕು. ತಾಯಿಯ ಹತ್ತಿರದಿಂದ ಏಳಬಾರದು. ಎಲ್ಲಾ ಬಾಯಿಪಾಠ.

ಹದಿನಾಲ್ಕು ಸರ್ಟಿಫಿಕೇಟಿಗೆ ಆ ಪಾಠ ಕಲಿತವರು ಇಬ್ಬರೇ ಸಾಹೇಬ್ರೆ. ಒಬ್ಬಳನ್ನು ಸುಟ್ಟು ಬಂದೆ. ಇನ್ನೊಬ್ಬ ನಿಮ್ಮೆದುರು ಕೂತಿದ್ದಾನೆ.